ಟ್ಯೂಬಿನ ಕುತ್ತಿಗೆಗೆ ಯಾವ ಸಾಕೆಟ್? ರೆಜುವನೇಟರ್ ಅಡಾಪ್ಟರ್‌ಗಳ ಹೋಲಿಕೆ

ಹಳೆಯ ಆರ್ಕೇಡ್ ಮಾನಿಟರಿನ ಪಿಕ್ಚರ್ ಟ್ಯೂಬ್ ಮಂಕಾದರೆ ಎಲ್ಲರೂ ಮೊದಲು ಕೇಳುವುದು ಯಾವ ರೆಜುವನೇಟರ್ (ಸೋತ ಟ್ಯೂಬನ್ನು ಪರೀಕ್ಷಿಸಿ ಚೇತರಿಸುವ ಯಂತ್ರ) ಒಳ್ಳೆಯದು ಅಂತ. ನನ್ನನ್ನು ಕೇಳಿದರೆ, ಯಂತ್ರಕ್ಕೂ ಟ್ಯೂಬಿನ ಕುತ್ತಿಗೆಗೂ ನಡುವೆ ಕೂರುವ ಅಡಾಪ್ಟರನ್ನು ಮೊದಲು ನೋಡಬೇಕು. ಯಂತ್ರ ಬಿ ಅಂಡ್ ಕೆ 467 ಇರಲಿ, ಸೆನ್‌ಕೋರ್ ಸಿಆರ್ 70 ಇರಲಿ, ಪಿನ್ನಿಗೆ ಎಷ್ಟು ತಲುಪಿತೋ ಅಷ್ಟನ್ನು ಮಾತ್ರ ಅದರ ಮೀಟರಿನ ಮುಳ್ಳು ಹೇಳಬಲ್ಲದು. ದಾರಿಯಲ್ಲೇ ಅಡಾಪ್ಟರ್ ಒಂದಿಷ್ಟು ನುಂಗಿದರೆ ಗಟ್ಟಿಮುಟ್ಟಾದ ಟ್ಯೂಬೂ ಸೋತಂತೆ ಕಾಣುತ್ತದೆ. ಅದನ್ನು ನಂಬಿ ರೆಜುವನೇಟ್ ಗುಂಡಿ ಒತ್ತಿದರೆ ಕ್ಯಾಥೋಡಿನ (ಎಲೆಕ್ಟ್ರಾನ್ ಸೂಸುವ ಭಾಗ) ಮೇಲಿರುವ ಬೇರಿಯಂ, ಸ್ಟ್ರಾಂಶಿಯಂ ಆಕ್ಸೈಡ್ ಪದರದಲ್ಲಿ ಒಂದು ಪಾಲು ಹಾರಿಹೋಗುತ್ತದೆ. ಹೋದದ್ದನ್ನು ಮತ್ತೆ ಬಳಿಯಲು ಬರುವುದಿಲ್ಲ.

ಹಾಗಾಗಿ ನಾಲ್ಕು ಬಗೆಯ ಅಡಾಪ್ಟರ್‌ಗಳನ್ನು ಎದುರುಬದುರು ಇಟ್ಟು ನೋಡಿದೆ: ಯಂತ್ರದ ತಯಾರಕರೇ ಕೊಡುತ್ತಿದ್ದ ಸಾಕೆಟ್, ಬಿಡಿ ತಂತಿಗಳ ಯೂನಿವರ್ಸಲ್, ಹವ್ಯಾಸಿಗಳು ಮಾಡುವ ಹಲವು ಸಾಕೆಟ್‌ಗಳ ಬೋರ್ಡು, ಕೆಟ್ಟ ನೆಕ್ ಬೋರ್ಡಿನ (ಟ್ಯೂಬಿನ ಕುತ್ತಿಗೆಗೆ ಕೂರುವ ಸರ್ಕ್ಯೂಟ್ ಬೋರ್ಡು) ಸಾಕೆಟ್ ಕಿತ್ತು ನಾನೇ ಮಾಡಿಕೊಂಡದ್ದು. ಟ್ಯೂಬೂ ಒಂದೇ, ಟೆಸ್ಟರೂ (ಅಂದರೆ ರೆಜುವನೇಟರ್ ಯಂತ್ರ) ಒಂದೇ. ಎಮಿಷನ್ (ಕ್ಯಾಥೋಡ್ ಸೂಸುವ ಎಲೆಕ್ಟ್ರಾನ್‌ಗಳ ಪ್ರಮಾಣ) ಎಷ್ಟು ಬಂತು ಅನ್ನುವುದಕ್ಕಿಂತ ಮೊದಲು ನೋಡಿದ್ದು ಎರಡನ್ನು: ಕ್ಯಾಥೋಡನ್ನು ಬಿಸಿಮಾಡುವ ಹೀಟರ್ ಉರಿಯುತ್ತಿರುವಾಗ ಅದರ ಎರಡು ಪಿನ್‌ಗಳ ನಡುವೆ ನಿಜವಾಗಿ ಎಷ್ಟು ವೋಲ್ಟ್ ಇದೆ, ಟ್ಯೂಬಿಗೆ ಹಾಕದೆ ಬರಿಯ ಅಡಾಪ್ಟರನ್ನು ಜೋಡಿಸಿದಾಗ ಲೀಕೇಜ್ (ಪಿನ್‌ಗಳ ನಡುವಿನ ಸೋರಿಕೆ) ತೋರಿಸುವ ಮುಳ್ಳು ಅಲ್ಲಾಡುತ್ತದೆಯೇ.

ಹೀಟರ್ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬಣ್ಣದ ಟ್ಯೂಬಿನ ಹೀಟರ್‌ಗೆ ಸಾಮಾನ್ಯವಾಗಿ 6.3 ವೋಲ್ಟ್ ಬೇಕು. ಅದು 0.7 ಆಂಪಿಯರ್ ಎಳೆಯುತ್ತಿದ್ದು, ಕಿಲುಬು ಹಿಡಿದ ಸಂಪರ್ಕದಲ್ಲಿ ಒಂದೇ ಒಂದು ಓಮ್ ತಡೆ ಇದ್ದರೂ ಹತ್ತಿರಹತ್ತಿರ 0.7 ವೋಲ್ಟ್ ಅಲ್ಲೇ ಕಳೆದುಹೋಯಿತು. ಕ್ಯಾಥೋಡ್ ತುಸು ತಣ್ಣಗಾದರೂ ಎಮಿಷನ್ ಬಹಳ ಕುಸಿಯುತ್ತದೆ. ಇದನ್ನು ಮಾನಿಟರಿನ ಚಾಸಿಯಲ್ಲಿ (ಟ್ಯೂಬನ್ನು ನಡೆಸುವ ಸರ್ಕ್ಯೂಟಿನಲ್ಲಿ) ಅಳೆಯಲು ಹೋಗಬೇಡಿ. ಎಷ್ಟೋ ಚಾಸಿಗಳಲ್ಲಿ ಹೀಟರ್ ಫ್ಲೈಬ್ಯಾಕ್ ಎಂಬ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿನಿಂದ ಉರಿಯುತ್ತದೆ, ಸಾಧಾರಣ ಮಲ್ಟಿಮೀಟರ್ ಆ ಪಲ್ಸ್ ಅಲೆಯನ್ನು ಸರಿಯಾಗಿ ಓದುವುದಿಲ್ಲ. ಟೆಸ್ಟರಿಗೆ ಜೋಡಿಸಿದಾಗ ಸಾಕೆಟ್ಟಿನ ಹಿಂಬದಿಯಲ್ಲಿ ಅಳೆಯುವುದೇ ಸರಿ.

ತಯಾರಕರ ಸಾಕೆಟ್ ನಿರೀಕ್ಷೆಯಂತೆ ಗೆದ್ದಿತು. ಟೆಸ್ಟರ್ 6.3 ಎಂದರೆ ಪಿನ್ನಿನಲ್ಲಿ 6.2ರ ಆಸುಪಾಸು, ಲೀಕೇಜ್ ಇಲ್ಲ, ಹಾಕಿ ತೆಗೆಯುವಾಗ ಹಿಡಿತ ಬಿಗಿ. 467ರಂಥ ಮೂರು ಮೀಟರ್‌ಗಳ ಯಂತ್ರದ ನಿಜವಾದ ಸುಖ ಸಿಗುವುದೂ ಇದರಲ್ಲೇ. ಕೆಂಪು, ಹಸಿರು, ನೀಲಿ ಬಣ್ಣಗಳ ಮೂರೂ ಎಲೆಕ್ಟ್ರಾನ್ ಗನ್‌ಗಳನ್ನು ಒಟ್ಟಿಗೆ ನೋಡುತ್ತಾ ಯಾವುದು ಹಿಂದೆ ಬಿದ್ದಿದೆ ಎಂದು ಕಣ್ಣಳತೆಯಲ್ಲೇ ಹೇಳಬಹುದು. ತೊಂದರೆ ಇಷ್ಟೇ: ಒಂದು ಸಾಕೆಟ್ ಒಂದು ಗುಂಪಿನ ಟ್ಯೂಬ್‌ಗಳಿಗೆ ಮಾತ್ರ. 29 ಮಿಲಿಮೀಟರ್ ಕುತ್ತಿಗೆಗೆ ಬೇರೆ, 22.5 ಮಿಲಿಮೀಟರಿನ ಸಣ್ಣ ಕುತ್ತಿಗೆಗೆ ಬೇರೆ. ಕುತ್ತಿಗೆ ಒಂದೇ ಅಳತೆಯದಾದರೂ ಪಿನ್ ವಿನ್ಯಾಸ ಬೇರೆ ಇರುವುದುಂಟು. ಚೆನ್ನಾಗಿ ಕೂತಿತು ಅಂದಮಾತ್ರಕ್ಕೆ ಅದೇ ಸರಿ ಎಂದುಕೊಳ್ಳುವಂತಿಲ್ಲ. ಆಟದ ಹೆಸರೂ ನಂಬಿಕೆಗೆ ಅರ್ಹವಲ್ಲ. ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಎಲೆಕ್ಟ್ರೋಹೋಮ್ ಜಿ 07 ಮಾನಿಟರ್ ಇರಬಹುದು, ವೆಲ್ಸ್ ಗಾರ್ಡ್ನರ್ ಕೆ 4600 ಇರಬಹುದು. ನಡುವೆ ಯಾರೋ ಟ್ಯೂಬನ್ನೇ ಬದಲಿಸಿರಲೂಬಹುದು. ಟ್ಯೂಬಿನ ಮೇಲಿನ ಚೀಟಿಯ ಸಂಖ್ಯೆ ನೋಡಿಯೇ ಸಾಕೆಟ್ ಆರಿಸಬೇಕು.

ಬಿಡಿ ತಂತಿಗಳ ಯೂನಿವರ್ಸಲ್ ಕಾಗದದ ಮೇಲೆ ಎಲ್ಲಕ್ಕೂ ಆಗುತ್ತದೆ. ಪ್ರತಿ ತಂತಿಯ ತುದಿಗೂ ಒಂದು ಪುಟ್ಟ ಕೊಳವೆಯಂಥ ಕ್ಲಿಪ್, ಒಂದೊಂದನ್ನೂ ಒಂದೊಂದು ಪಿನ್ನಿಗೆ ತೂರಿಸುವುದು. ನನಗೆ ಅತಿ ಕಡಿಮೆ ಹಿಡಿಸಿದ್ದು ಇದೇ. ಹೀಟರ್ ಪಿನ್ನಿನಲ್ಲಿ 5.7 ವೋಲ್ಟ್ ಕಂಡಿತು, ಕ್ಲಿಪ್ಪನ್ನು ಇಕ್ಕಳದಿಂದ ಸ್ವಲ್ಪ ಒತ್ತಿದ ಮೇಲೆ 6ಕ್ಕೆ ಏರಿತು. ತಯಾರಕರ ಸಾಕೆಟ್ಟಿನಲ್ಲಿ ಮೀಟರಿನ ಹಸಿರು (ಸರಿಯಿದೆ ಎನ್ನುವ) ಪಟ್ಟೆಯೊಳಗೇ ಇದ್ದ ಕೆಂಪು ಗನ್ ಇದರಲ್ಲಿ ಪಟ್ಟೆಯಿಂದ ಕೆಳಗೆ ಜಾರಿತು. ಟ್ಯೂಬ್ ಅದೇ! ಈ ಅಡಾಪ್ಟರ್ ಒಂದೇ ಕೈಯಲ್ಲಿದ್ದವರು ಆ ಗನ್ನಿಗೆ ಚಿಕಿತ್ಸೆ ಕೊಟ್ಟೇಬಿಡುತ್ತಿದ್ದರು. ಇನ್ನೊಂದು ಗೊಂದಲವೂ ಇದೆ. ಹಳೆಯ ಡೆಲ್ಟಾ (ಗನ್‌ಗಳು ತ್ರಿಕೋನವಾಗಿರುವ) ಟ್ಯೂಬ್‌ಗಳಲ್ಲಿ ಮೂರು ಗನ್‌ಗಳ ಗ್ರಿಡ್‌ಗಳು (ಎಲೆಕ್ಟ್ರಾನ್ ಹರಿವನ್ನು ಹಿಡಿತದಲ್ಲಿಡುವ ಭಾಗಗಳು) ಪ್ರತ್ಯೇಕವಾಗಿ ಹೊರಬರುತ್ತವೆ. ಆಮೇಲಿನ ಇನ್‌ಲೈನ್ (ಗನ್‌ಗಳು ಸಾಲಾಗಿರುವ) ಟ್ಯೂಬ್‌ಗಳಲ್ಲಿ ಹೆಚ್ಚಿನವಕ್ಕೆ ಮೊದಲ ಗ್ರಿಡ್ ಜಿ1 ಒಂದೇ, ಎರಡನೆಯ ಗ್ರಿಡ್ ಜಿ2 ಒಂದೇ. ಅಲ್ಲಿ ಮೂರು ಜಿ1 ತಂತಿಗಳನ್ನೂ ಒಟ್ಟಿಗೆ ಸೇರಿಸಬೇಕು. ಮರೆತರೆ ಎರಡು ಗನ್‌ಗಳು ಸತ್ತಂತೆ ತೋರುತ್ತವೆ.

ಆದರೂ ಇದನ್ನು ಎಸೆಯಲಾರೆ. ವಿಚಿತ್ರ ತಳದ ಟ್ಯೂಬ್ ಎದುರಾದಾಗ ಬೇರೆ ಯಾವುದೂ ಕೂರುವುದಿಲ್ಲ. ಕಪ್ಪುಬಿಳುಪು ಟ್ಯೂಬಿಗಂತೂ ಹೀಟರಿಗೆ ಎರಡು, ಕ್ಯಾಥೋಡ್, ಜಿ1, ಜಿ2ಗಳಿಗೆ ಒಂದೊಂದು ಎಂದು ಐದು ತಂತಿ ಸಾಕು. ಅಂಥ ಕೆಲವು ಚಿಕ್ಕ ಟ್ಯೂಬ್‌ಗಳ ಹೀಟರ್ 12 ವೋಲ್ಟಿನದು, ಟೆಸ್ಟರಿನಲ್ಲಿ ಬದಲಿಸಿಕೊಳ್ಳಬೇಕು.

ಹಲವು ಸಾಕೆಟ್‌ಗಳ ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಸಾಕೆಟ್ ಆದ್ದರಿಂದ ಸಂಪರ್ಕ ಚೊಕ್ಕ, ಅಳತೆಯಲ್ಲಿ ತಯಾರಕರದಕ್ಕೆ ಸಮ. ಆದರೆ ನಾನು ನೋಡಿದ ಬೋರ್ಡಿನಲ್ಲಿ ಎಲ್ಲ ಸಾಕೆಟ್‌ಗಳೂ ಸಮಾನಾಂತರವಾಗಿ ಜೋಡಿಸಿದ್ದವು. ಒಂದನ್ನು ಬಳಸುವಾಗ ಉಳಿದವುಗಳಲ್ಲೂ ನೂರಾರು ವೋಲ್ಟ್ ಇರುತ್ತದೆ, ಹಿಂಬದಿಯ ಬೆಸುಗೆ ತೆರೆದೇ ಇತ್ತು. ಬೋರ್ಡಿನ ಭಾರವೆಲ್ಲ ಗಾಜಿನ ಕುತ್ತಿಗೆಯ ಮೇಲೆ ಜೋತುಬೀಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಪಿನ್‌ಗಳ ನಡುವೆ ಇರುವ ಗಾಜಿನ ಮೊನೆ ಮುರಿದರೆ ಒಳಗೆ ಗಾಳಿ ನುಗ್ಗಿ ಟ್ಯೂಬಿನ ಕಥೆ ಮುಗಿಯಿತು. ಮೇಲಿನಿಂದ ದಾರ ಕಟ್ಟಿ ತೂಗುಹಾಕಿಕೊಳ್ಳುವವರಿದ್ದಾರೆ, ಅಷ್ಟು ತಾಳ್ಮೆ ನನಗಿಲ್ಲ.

ಮನೆಯಲ್ಲಿ ಮಾಡಿಕೊಂಡದ್ದು ನನ್ನನ್ನೇ ಅಚ್ಚರಿಗೊಳಿಸಿತು. ಅದೇ ಮಾದರಿಯ ಕೆಟ್ಟ ಚಾಸಿಯ ನೆಕ್ ಬೋರ್ಡಿನಿಂದ ಸಾಕೆಟ್ ಬಿಡಿಸಿಕೊಂಡರೆ ಕೂರುವುದೋ ಇಲ್ಲವೋ ಎಂಬ ಚಿಂತೆಯೇ ಇಲ್ಲ, ಆ ಕುತ್ತಿಗೆಗೆಂದೇ ಮಾಡಿದ್ದು. ಪಿನ್ ಗುರುತಿಸುವುದೂ ಸುಲಭ. ಸರ್ಕ್ಯೂಟ್ ನಕ್ಷೆ ಇಲ್ಲದಿದ್ದರೂ ಸಾಮಾನ್ಯವಾಗಿ ವಿಡಿಯೋ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರಿನಿಂದ ಒಂದು ರೆಸಿಸ್ಟರ್ ದಾಟಿ ಹೋಗುವ ಪಿನ್ನೇ ಕ್ಯಾಥೋಡ್, ಸ್ಕ್ರೀನ್ ಕಂಟ್ರೋಲಿನಿಂದ ಬರುವುದು ಜಿ2. ಫೋಕಸ್ ಪಿನ್ನಿಗೆ ಏನನ್ನೂ ಜೋಡಿಸುವುದು ಬೇಡ. ತಂತಿಗಳನ್ನು ಬೋರ್ಡಿಗೆ ಬೆಸೆದು ಮುಗಿಸುವ ಆಸೆಗೆ ಬೀಳದೆ ಸಾಕೆಟ್ಟನ್ನು ಪೂರ್ತಿ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಆ ರೆಸಿಸ್ಟರ್‌ಗಳೆಲ್ಲ ಅಳತೆಯೊಳಗೆ ಸೇರಿಕೊಳ್ಳುತ್ತವೆ.

ಇದರ ನಿಜವಾದ ಶತ್ರು ಸಾಕೆಟ್ಟಿನೊಳಗಿನ ಸ್ಪಾರ್ಕ್ ಗ್ಯಾಪ್ (ವೋಲ್ಟೇಜ್ ಮಿತಿಮೀರಿದರೆ ಕಿಡಿ ಹಾರಲೆಂದು ಬಿಟ್ಟ ಕಿರು ಅಂತರ). ಪಿನ್‌ಗಳ ಸುತ್ತ ಇರುವ ಲೋಹದ ಉಂಗುರದ ಬಳಿ ದಶಕಗಳ ಧೂಳು, ತೇವ, ಕಿಲುಬು ಸೇರಿದ್ದರೆ ಕರೆಂಟ್ ಅದರ ಮೂಲಕ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸೋರುತ್ತದೆ. ತೊಳೆಯುವ ಮೊದಲು ನನ್ನ ಸಾಕೆಟ್, ಟ್ಯೂಬೇ ಇಲ್ಲದೆ, ಜಿ1 ಮತ್ತು ಕ್ಯಾಥೋಡ್ ನಡುವೆ ಲೀಕೇಜ್ ತೋರಿಸಿತು. ಅದನ್ನು ಟ್ಯೂಬಿನ ಶಾರ್ಟ್ ಎಂದು ಓದಿ ಅದನ್ನು ಸುಡಲು ಕೆಪ್ಯಾಸಿಟರ್ ಹೊಡೆತ ಕೊಟ್ಟರೆ ಇಲ್ಲದ ರೋಗಕ್ಕೆ ಮದ್ದು ಮಾಡಿದಂತೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಮೇಲೆ ಮುಳ್ಳು ಅಲ್ಲಾಡಲಿಲ್ಲ. ಹೀಟರ್ ಪಿನ್ನಿನಲ್ಲಿ 6.2 ವೋಲ್ಟ್, ಅಂದರೆ ತಯಾರಕರದಷ್ಟೇ.

ಈಗ ನನ್ನ ಮೇಜಿನ ಮೇಲೆ ಉಳಿದಿರುವುದು ಎರಡು. ಪದೇ ಪದೇ ಬರುವ 19 ಇಂಚಿನ ಬಣ್ಣದ ಟ್ಯೂಬ್‌ಗಳಿಗೆ ತಯಾರಕರ ಸಾಕೆಟ್. ಅದು ಹೊಂದದ ಕಡೆ, ಕೆಟ್ಟ ಚಾಸಿ ಸಿಕ್ಕಿದರೆ, ಮನೆಯದ್ದು. ಸಿಆರ್ 70ಯಂತೆ ಸ್ವಿಚ್ ತಿರುಗಿಸಿ ಒಂದೊಂದೇ ಗನ್ ನೋಡುವ ಯಂತ್ರ ಇರುವವರು ಮನೆಯದ್ದರಿಂದಲೇ ಶುರುಮಾಡಲಿ, ಅವರಿಗೆ ಮೂರು ಮೀಟರ್‌ಗಳ ಅನುಕೂಲ ಹೇಗೂ ಇಲ್ಲ. ಬಿಡಿ ತಂತಿಗಳು ಡಬ್ಬಿಯಲ್ಲಿರುತ್ತವೆ, ಬರಿಯ ಪರೀಕ್ಷೆಗೆ. ಅವನ್ನು ಹಾಕಿಕೊಂಡು ರೆಜುವನೇಟ್ ಗುಂಡಿಯನ್ನು ಮುಟ್ಟುವುದಿಲ್ಲ. ಇನ್ನು ಪರದೆಯ ಮೇಲೆ ಪ್ಯಾಕ್‌ಮ್ಯಾನ್ ಜಟಿಲದಾರಿ ಸುಟ್ಟು ಅಚ್ಚಾಗಿದ್ದರೆ ಅದು ಫಾಸ್ಫರಿನ ಗಾಯ. ಅದಕ್ಕೆ ಯಾವ ಅಡಾಪ್ಟರ್ ಕೊಂಡರೂ ಪ್ರಯೋಜನವಿಲ್ಲ, ಬೇರೆ ಟ್ಯೂಬ್ ಹುಡುಕಿ.