12 ವಾರದ ಗ್ರಿಪ್ ಪ್ರೋಗ್ರಾಂ, 8ನೇ ವಾರಕ್ಕೆ ಕೈಕೊಟ್ಟ ಕೈ

ಅಂಗೈಯಲ್ಲಿ ಹಿಡಿದು ಒತ್ತುವ ಸ್ಪ್ರಿಂಗಿನ ಹ್ಯಾಂಡ್ ಗ್ರಿಪ್ಪರ್ ತರಿಸಿಕೊಂಡು, ಯಾರದೋ ಪಿಡಿಎಫ್ ಪ್ರೋಗ್ರಾಂ ಕೊಂಡು, ಸೋಮವಾರದಿಂದ ಶುರು ಅಂತ ಕೂತಿದ್ದೀರಾ? ಐದು ನಿಮಿಷ ತಡೆಯಿರಿ. ನಾನೂ ಅಂಥದ್ದೇ ಒಂದು ಸೋಮವಾರ ಶುರು ಮಾಡಿದವನು. ಏಳು ತಿಂಗಳಾಯಿತು. ತುಂಬಿದ ಬಿಂದಿಗೆಯನ್ನು ಬಲಗೈಯಲ್ಲಿ ಎತ್ತಲು ಇವತ್ತಿಗೂ ಆಗುವುದಿಲ್ಲ.

ಎಲ್ಲ ಶುರುವಾಗಿದ್ದು ಯುಗಾದಿಗೆ ಊರಿಗೆ ಹೋದಾಗ. ನಮ್ಮದು ತಿಪಟೂರು ಕಡೆ. ದೊಡ್ಡಪ್ಪ ಜೀವಮಾನವೆಲ್ಲ ತೆಂಗಿನಕಾಯಿ ಸುಲಿದವರು. ಹೋಳಿಗೆ ಊಟ ಆದಮೇಲೆ ಜಗಲಿಯ ಮೇಲೆ ಪಂಜಾ ಕುಸ್ತಿ ನಡೆಯಿತು. ಅವರಿಗೆ 64, ನನಗೆ 33. ಎಲೆ ಅಡಿಕೆ ಜಗಿಯುತ್ತಲೇ ನನ್ನ ಕೈ ಮಲಗಿಸಿಬಿಟ್ಟರು. ಆಮೇಲೆ ನನ್ನ ಅಂಗೈಯನ್ನು ತಿರುಗಿಸಿ ನೋಡಿ, "ಹತ್ತಿ ಇದ್ದಂಗೈತಲ್ಲೋ" ಅಂದರು. ಮಕ್ಕಳೆಲ್ಲ ನಕ್ಕರು. ಆ ನಗು ಬೆಂಗಳೂರಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ಫೋನಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೋ, ಎರಡೇ ದಿನದಲ್ಲಿ ಹಿಡಿತದ ಬಲದ ರೀಲ್ಸ್ ಬರತೊಡಗಿದವು. ಅದರಲ್ಲೊಬ್ಬರು 12 ವಾರದ ಪ್ರೋಗ್ರಾಂ ಮಾರುತ್ತಿದ್ದರು, 799 ರೂಪಾಯಿ. ಹೆಸರು ಹೇಳುವುದಿಲ್ಲ. ಆ ಥರದ್ದು ಬೇಕಾದಷ್ಟಿವೆ, ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬೀಳುತ್ತೀರಿ.

ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಒಂದು ಅಧ್ಯಯನದ ಮಾತಿತ್ತು. ಹಿಡಿತ ಗಟ್ಟಿ ಇದ್ದರೆ ಆಯಸ್ಸು ಗಟ್ಟಿ ಅಂತ. ಅಧ್ಯಯನ ಸುಳ್ಳಲ್ಲ. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ನೋಡಿದ್ದರು, ಭಾರತವೂ ಅದರಲ್ಲಿತ್ತು. ಹಿಡಿತದ ಬಲ 5 ಕೆ.ಜಿ. ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಜಾಸ್ತಿ ಕಂಡಿತ್ತು. ಆದರೆ ಅಲ್ಲಿ ಹಿಡಿತ ಅನ್ನುವುದು ಇಡೀ ದೇಹ ಹೇಗಿದೆ ಅಂತ ತೋರಿಸುವ ಗುರುತು. ಬರೀ ಮುಂಗೈ ಉಬ್ಬಿಸಿಕೊಂಡರೆ ಜಾಸ್ತಿ ವರ್ಷ ಬದುಕುತ್ತೀರಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಜ್ವರ ಇಳಿಯುತ್ತಾ? ಇದನ್ನು ಈಗ ಹೇಳುತ್ತಿದ್ದೇನೆ. ಆವತ್ತು ಓದಿ ಸೀದಾ ದುಡ್ಡು ಕಟ್ಟಿದೆ.

ಪ್ರೋಗ್ರಾಂ ನೋಡಲು ಬಲು ಅಚ್ಚುಕಟ್ಟು. ವಾರಕ್ಕೆ ಆರು ದಿನ. ಮೊದಲ ನಾಲ್ಕು ವಾರ 100 ಪೌಂಡಿನ (ಮುಚ್ಚಲು ಬೇಕಾಗುವ ಬಲದ ಲೆಕ್ಕ) ಸ್ಪ್ರಿಂಗ್ ಗ್ರಿಪ್ಪರ್, ದಿನಕ್ಕೆ ಎರಡೂ ಕೈಗೆ ಐವತ್ತೈವತ್ತು ಸಲ. ಐದನೇ ವಾರದಿಂದ 150 ಪೌಂಡಿನದು, ಜೊತೆಗೆ 'ನೆಗೆಟಿವ್'. ಅಂದರೆ ಒಂದು ಕೈಯಲ್ಲಿ ಮುಚ್ಚಲು ಆಗದ ಗ್ರಿಪ್ಪರನ್ನು ಎರಡೂ ಕೈ ಸೇರಿಸಿ ಮುಚ್ಚಬೇಕು. ಆಮೇಲೆ ಒಂದು ಕೈ ಬಿಟ್ಟು, ಅದು ಬಿಚ್ಚಿಕೊಳ್ಳದಂತೆ ಇನ್ನೊಂದು ಕೈಯಲ್ಲಿ ತಡೆಯಬೇಕು. ಕೊನೆಗೆ ಬಾರ್ ಹಿಡಿದು ಕೈ ಜಾರುವವರೆಗೂ ನೇತಾಡಬೇಕು. ಪ್ರತಿದಿನಕ್ಕೂ ಒಂದು ಚೌಕ, ಮುಗಿದರೆ ಟಿಕ್. ಅಕೌಂಟ್ಸ್ ಕೆಲಸ ಮಾಡುವವನಿಗೆ ಖಾಲಿ ಚೌಕ ಕಂಡರೆ ನಿದ್ದೆ ಬರುವುದಿಲ್ಲ. ನನ್ನನ್ನು ಹಾಳು ಮಾಡಿದ್ದರಲ್ಲಿ ಆ ಚೌಕಗಳ ಪಾಲೂ ಇದೆ.

ಇನ್ನೊಂದು ಮೋಸ ಆಮೇಲೆ ಗೊತ್ತಾಯಿತು. ಐದನೇ ವಾರ 150ರದ್ದು ಮುಚ್ಚಿದಾಗ ಕುಣಿದುಬಿಟ್ಟಿದ್ದೆ. ನಿಜವಾಗಿ ಆಗಿದ್ದೇನೆಂದರೆ, ಗ್ರಿಪ್ಪರನ್ನು ಅಂಗೈಯಲ್ಲಿ ಹೇಗೆ ಕೂರಿಸಬೇಕು ಅಂತ ಕಲಿತಿದ್ದೆ. ಹಿಡಿಯುವ ಜಾಗ ಸ್ವಲ್ಪ ಬದಲಾದರೂ ಅದೇ ಸ್ಪ್ರಿಂಗು ಹಗುರವಾಗುತ್ತದೆ. ಒಂದು ಕಂಪನಿಯ 150 ಇನ್ನೊಂದು ಕಂಪನಿಯ 150 ಅಲ್ಲವೇ ಅಲ್ಲ. ಆ ನಂಬರ್ ನಂಬಿಕೊಂಡು ನೆಗೆಟಿವ್‌ಗೆ 200 ಪೌಂಡಿನದನ್ನು ತರಿಸಿದೆ.

ಐದನೇ ವಾರದ ಕೊನೆಗೆ ಬಲ ಮೊಣಕೈಯ ಒಳಮಗ್ಗುಲಲ್ಲಿ, ಎಲುಬು ಉಬ್ಬಿರುತ್ತದಲ್ಲ, ಅಲ್ಲಿ ಸಣ್ಣಗೆ ನೋವು ಶುರುವಾಯಿತು. ಇಲ್ಲಿ ದಯವಿಟ್ಟು ಗಮನ ಕೊಟ್ಟು ಓದಿ. ಬೆಳಿಗ್ಗೆ ಕೈ ಬಿಗಿ. ಗ್ರಿಪ್ಪರ್ ಹಿಡಿದು ಹತ್ತು ಸಲ ಒತ್ತಿದರೆ ನೋವು ಮಾಯ! ಆಟ ಮುಗಿದ ಎರಡು ಗಂಟೆಯೊಳಗೆ ಮತ್ತೆ ಹಾಜರು, ರಾತ್ರಿಗೆ ಜಾಸ್ತಿ. ಒತ್ತಿದಾಗ ಹೋಗುತ್ತದೆ ಅಂದಮೇಲೆ ವ್ಯಾಯಾಮವೇ ಔಷಧಿ ಅಂದುಕೊಂಡೆ. ಬಿಸಿಯಾದಾಗ ಅಡಗಿ, ತಣ್ಣಗಾದಾಗ ಎದ್ದು ಬರುವುದೇ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ) ನೋವಿನ ಚಾಳಿ ಅಂತ ನನಗೇನು ಗೊತ್ತು? ಪ್ರೋಗ್ರಾಂ ಮಾರಿದವರಿಗೆ ಮೆಸೇಜ್ ಹಾಕಿದೆ. "ಅದು ಬಲ ಬರುತ್ತಿರುವ ಲಕ್ಷಣ, ಬಿಡಬೇಡಿ" ಅಂತ ಉತ್ತರ, ಕೆಳಗೊಂದು ಬೆಂಕಿಯ ಚಿತ್ರ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಒತ್ತಿದೆ. ಏಳನೇ ವಾರ ಪೂರ್ತಿ ಹಾಗೇ ನಡೆಯಿತು.

ಎಂಟನೇ ವಾರದ ಬುಧವಾರ, 200ರ ನೆಗೆಟಿವ್ ತಡೆಯುವಾಗ ಮೊಣಕೈಯಲ್ಲಿ ಚಾಕು ಹಾಕಿದ ಹಾಗಾಯಿತು. ಗ್ರಿಪ್ಪರ್ ಕೈಜಾರಿ ಟೀಪಾಯಿಯ ಗಾಜಿಗೆ ಬಿತ್ತು. ಮಾರನೇ ದಿನ ದೋಸೆ ಕಾವಲಿ ಎತ್ತಲು ಆಗಲಿಲ್ಲ. ಚಪಾತಿ ಹಿಟ್ಟು ನಾದಲು ಆಗಲಿಲ್ಲ. ಒದ್ದೆ ಟವಲ್ ಹಿಂಡಲೂ ಆಗಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಾನು ಇನ್ನೂ ಒಂದು ವಾರ ನೋಡುತ್ತಿದ್ದೆನೇನೋ. ಆದರೆ ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಜೋಮು ಹಿಡಿಯತೊಡಗಿತು. ಆಗ ಹೆದರಿದೆ.

ಡಾಕ್ಟರ್ ನೋಡಿ ಗಾಲ್ಫರ್ಸ್ ಎಲ್ಬೋ ಅಂದರು, ಅಂದರೆ ಮೊಣಕೈ ಒಳಮಗ್ಗುಲಿನ ಟೆಂಡನ್ ನೋವು. ಗಾಲ್ಫ್ ಕೋಲನ್ನು ನಾನು ಮುಟ್ಟಿಯೂ ನೋಡಿಲ್ಲ! ಅವರು ಕಳಿಸಿದ ಫಿಸಿಯೋ ಸಮಾಧಾನವಾಗಿ ಬಿಡಿಸಿ ಹೇಳಿದರು. ಬೆರಳಿನೊಳಗೆ ಅದನ್ನು ಮಡಿಸುವ ಸ್ನಾಯು ಇಲ್ಲ. ಜೋರಾಗಿ ಹಿಡಿಯುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ. ಅಲ್ಲಿಂದ ಟೆಂಡನ್ ಅನ್ನುವ ಹಗ್ಗಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ, ಬಾವಿಯ ರಾಟೆ ಹಗ್ಗದ ಹಾಗೆ. ಆ ಸ್ನಾಯುಗಳಲ್ಲಿ ಹಲವು ಶುರುವಾಗುವುದು ಮೊಣಕೈ ಒಳಗಿನ ಆ ಒಂದೇ ಉಬ್ಬಿನಿಂದ. ಕೊಡ ಎಷ್ಟೇ ಇರಲಿ, ಗೂಟ ಒಂದೇ. ಸ್ನಾಯು ಕೆಲವೇ ವಾರದಲ್ಲಿ ಬಲವಾಗುತ್ತದೆ. ಟೆಂಡನ್ನಿಗೆ ರಕ್ತ ಹರಿಯುವುದೇ ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನನ್ನ ಪ್ರೋಗ್ರಾಂ ಸ್ನಾಯುವಿನ ವೇಗಕ್ಕೆ ಬರೆದದ್ದು. ಇನ್ನು ಜೋಮು? ಮೊಣಕೈ ತಗುಲಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಆ ನರ ಅದೇ ಉಬ್ಬಿನ ಹಿಂದೆಯೇ ಹಾದುಹೋಗುತ್ತದೆ. ಸುತ್ತ ಕೆರಳಿದ್ದಕ್ಕೆ ಅದೂ ಕೆರಳಿತ್ತು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಸುಮ್ಮನಾಗಿಸಿತು. "ಉಳಿದ ಹೊತ್ತು ಕೈ ಏನು ಮಾಡುತ್ತೆ?" ನಾಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬೈಕು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡು. ಅಷ್ಟೂ ಹೊತ್ತು ಬಲಗೈ ಆಕ್ಸಿಲರೇಟರ್ ತಿರುವಿ ಹಿಡಿದಿರುತ್ತದೆ, ಬೆರಳು ಬ್ರೇಕಿನ ಮೇಲೆ. ಆಫೀಸಿನಲ್ಲಿ ಎಂಟು ಗಂಟೆ ಮೌಸ್. ಸಂಜೆ ಜಿಮ್ಮಿನಲ್ಲಿ ಡೆಡ್‌ಲಿಫ್ಟ್, ಪುಲ್‌ಅಪ್, ಅವೂ ಹಿಡಿತವೇ ಅಲ್ವಾ? ಇದೆಲ್ಲ ಆದಮೇಲೆ ಗ್ರಿಪ್ಪರ್. 38 ಪುಟದ ಪಿಡಿಎಫ್‌ನಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಜಾಗವೂ ಇರಲಿಲ್ಲ.

ಗ್ರಿಪ್ ಕಸರತ್ತೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನೀವು ಕೊಳ್ಳುವ ಪ್ರೋಗ್ರಾಂನಲ್ಲಿ ಒಂದು ಜೋರು ದಿನಕ್ಕೂ ಇನ್ನೊಂದಕ್ಕೂ ನಡುವೆ ಎರಡು ದಿನವಾದರೂ ಬಿಡುವು ಇದೆಯಾ ನೋಡಿ. ಹೊಸಬರಿಗೆ ಎರಡನೇ ತಿಂಗಳಲ್ಲೇ ನೆಗೆಟಿವ್ ಹಾಕಿದ್ದರೆ ಬೇಡ ಅಂದುಬಿಡಿ. ಬೆರಳನ್ನು ಹೊರಗೆ ಬಿಡಿಸುವ ಕಸರತ್ತು ಇರಬೇಕು. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು, ಅಷ್ಟೇ. ನನ್ನದರಲ್ಲಿ ಅದು ಒಂದು ದಿನವೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ, ನೋವು ಬಂದರೆ ಏನು ಮಾಡಬೇಕು ಅಂತ ಬರೆದಿದೆಯಾ? ಇಲ್ಲದಿದ್ದರೆ ಅದು ಬರೀ ಟೈಮ್‌ಟೇಬಲ್ಲು. ಬೆರಳಿಗೆ ಜೋಮು ಬಂದರಂತೂ ಆವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಗೆಳೆಯರು ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೋ, ವಾರದಲ್ಲಿ ಸರಿಹೋಗುತ್ತೆ ಅಂದರು. ಡಾಕ್ಟರೇ ಬೇಡ ಅಂದರು. ಕೆಲವು ವಾರ ಹಾಯಾಗಿರುತ್ತದೆ, ನೋವಿಲ್ಲ ಅಂತ ನೀವು ಮತ್ತೆ ಒತ್ತುತ್ತೀರಿ, ಅದು ಮತ್ತೆ ಬರುತ್ತದೆ ಅಂದರು. ನನ್ನನ್ನು ಚೆನ್ನಾಗಿ ಓದಿಕೊಂಡಿದ್ದರು.

ಮೊದಲ ದಿನ ಫಿಸಿಯೋ ಹಿಡಿತ ಅಳೆಯುವ ಯಂತ್ರ ಕೊಟ್ಟಿದ್ದರು. ಎಡಗೈ 39 ಕೆ.ಜಿ., ಬಲಗೈ 21. ಎರಡು ತಿಂಗಳು ಬೆವರು ಸುರಿಸಿ ಗಳಿಸಿದ ಬಲ ಅದು! ಶುರುವಿನಲ್ಲಿ ಮಣಿಕಟ್ಟನ್ನು ಅಲುಗಾಡಿಸದೆ 45 ಸೆಕೆಂಡ್ ಒತ್ತಿ ಹಿಡಿಯುವುದು, ಅಷ್ಟೇ ಕೆಲಸ. ಆಮೇಲೆ ಅರ್ಧ ಕೆ.ಜಿ. ಡಂಬೆಲ್. ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈಯಲ್ಲಿ ನಿಧಾನಕ್ಕೆ ಇಳಿಸಬೇಕು. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದು ಕೆ.ಜಿ. ಎತ್ತುತ್ತಿದ್ದರು, ನನ್ನನ್ನು ನೋಡಿ ಪಾಪ ಅಂದುಕೊಂಡಿರಬೇಕು.

ದಸರಾಕ್ಕೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ನಗಲಿಲ್ಲ ಅವರು. ಹಿತ್ತಲಿಗೆ ಕರೆದುಕೊಂಡು ಹೋಗಿ ಕಾಯಿ ಸುಲಿದು ತೋರಿಸಿದರು. ಗೂಟಕ್ಕೆ ಕಾಯಿ ಚುಚ್ಚಿ, ಮೈಭಾರ ಹಾಕಿ, ಒಂದು ಸಲ ಹೊರಳಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. "ಕೈ ಬರೀ ಹಿಡ್ಕಂಡಿರ್ತದೆ, ಕೆಲಸ ಮಾಡೋದು ಸೊಂಟ. ಇದ್ನ ಮೊದ್ಲೇ ಕೇಳಬಾರದಿತ್ತಾ?" ಅಂದರು.

ಈಗ ಎರಡು ಕೆ.ಜಿ.ಗೆ ಬಂದಿದ್ದೇನೆ. ಜೋಮು ಹೋಗಿದೆ. ಟವಲ್ ಹಿಂಡಬಲ್ಲೆ. ಬೈಕು ಬಿಟ್ಟು ಮೆಟ್ರೋದಲ್ಲಿ ಓಡಾಡುತ್ತೇನೆ, ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದುಕೊಂಡು.