ಇಂಡೆಕ್ಸ್ ಟ್ಯಾಬ್ ಮುದ್ರಣ ಸೇವೆ: ಮೂರು ವರ್ಷ ಫೈಲ್ ಕಳಿಸಿದ ಮೇಲೆ

ತುಮಕೂರಿನಲ್ಲಿ ನಮ್ಮದು ಚಿಕ್ಕದೊಂದು ಡಿಟಿಪಿ ಅಂಗಡಿ. ಬಿಲ್ ಬುಕ್, ಲೆಟರ್‌ಹೆಡ್, ಮದುವೆ ಕಾರ್ಡ್, ಇವೇ ದಿನನಿತ್ಯದ ಕೆಲಸ. 2022ರಲ್ಲಿ ಪದವಿ ಕಾಲೇಜೊಂದರ ಪ್ರಾಂಶುಪಾಲರು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡದ ಭೇಟಿಗೆ ಬಾಕ್ಸ್ ಫೈಲ್‌ಗಳನ್ನು ಸಿದ್ಧ ಮಾಡಿಸುತ್ತಿದ್ದರು. ಆಗ ನ್ಯಾಕ್‌ನಲ್ಲಿ ಏಳು ಮಾನದಂಡ, ಹಾಗಾಗಿ ಏಳು ಟ್ಯಾಬ್, ಅಂದರೆ ಫೈಲಿನ ಭಾಗಗಳನ್ನು ಬೇರ್ಪಡಿಸುವ, ಹೆಸರು ಬರೆದ ಅಂಚು ನಾಲಿಗೆಯಂತೆ ಹೊರಚಾಚಿದ ಹಾಳೆಗಳು. ‘ಮುಂದೆ ಇಂಗ್ಲಿಷ್, ಹಿಂದೆ ಕನ್ನಡ ಇರಲಿ’ ಎಂದರು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಡಿವೈಡರ್‌ಗಳಲ್ಲಿ ಒಂದರಿಂದ ಹತ್ತು ಅಂಕಿ ಬಿಟ್ಟರೆ ಬೇರೇನೂ ಇರುವುದಿಲ್ಲ. ವಿಚಾರಿಸಿದಾಗ ಬೆಂಗಳೂರಿನ ಒಂದು ಡಿಜಿಟಲ್ ಮುದ್ರಣಾಲಯ ನಮಗೆ ಬೇಕಾದಂತೆ ಟ್ಯಾಬ್ ಮಾಡಿಕೊಡುತ್ತದೆ ಎಂದು ಗೊತ್ತಾಯಿತು. ಅವತ್ತಿನಿಂದ ಇವತ್ತಿನವರೆಗೆ ಅವರಿಗೇ ಕಳಿಸುತ್ತಿದ್ದೇನೆ. ಕಾಲೇಜುಗಳ ಜೊತೆಗೆ ಈಗ ಇಬ್ಬರು ಲೆಕ್ಕ ಪರಿಶೋಧಕರು, ಒಂದು ಸಹಕಾರ ಸಂಘ, ಒಂದು ನರ್ಸಿಂಗ್ ಹೋಮ್ ಈ ಕೆಲಸಕ್ಕೆ ಕಾಯಂ ಗಿರಾಕಿಗಳು.

ಈ ಸೇವೆ ಚೆನ್ನಾಗಿದೆಯಾ ಎಂದು ಕೇಳಿದರೆ, ಚೆನ್ನಾಗಿದೆ. ಆದರೆ ಅವರು ನಾವು ಕಳಿಸಿದ್ದನ್ನು ಕಳಿಸಿದ ಹಾಗೇ ಹೊಡೆದು ಕೊಡುತ್ತಾರೆ. ಫೈಲಿನೊಳಗೆ ಫಾಂಟ್ ಸೇರಿದೆಯಾ, ಚಿತ್ರ 300 ಡಿಪಿಐ ಇದೆಯಾ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಹರಿದ ಬಣ್ಣ) ಇದೆಯಾ, ಇಷ್ಟನ್ನು ನೋಡುತ್ತಾರೆ. ಮೂರನೇ ಟ್ಯಾಬಿನ ಹೆಸರು ಮೂರನೇ ಟ್ಯಾಬಿನ ಮೇಲೇ ಬೀಳುತ್ತದೆಯೋ ಇಲ್ಲವೋ, ಅದು ನಮ್ಮ ಜವಾಬ್ದಾರಿ. ಗಿರಾಕಿಗಳು ನನ್ನ ಹತ್ತಿರ ರೇಟ್ ಒಂದನ್ನೇ ಕೇಳುತ್ತಾರೆ. ಕಷ್ಟವೆಲ್ಲ ಇರುವುದು ಫೈಲ್ ಮಾಡುವುದರಲ್ಲಿ. ಅದಕ್ಕೇ ಈ ವಿಮರ್ಶೆಯಲ್ಲಿ ಫೈಲಿನ ಮಾತೇ ಜಾಸ್ತಿ.

ಮೊದಲು ಅಳತೆ. ಅವರ ಟೆಂಪ್ಲೇಟ್‌ನಲ್ಲಿ ಹಾಳೆಯ ಮೈ ಎ4, ಅಂದರೆ 210 × 297 ಮಿ.ಮೀ. ಟ್ಯಾಬ್ ಅದರಿಂದ 13 ಮಿ.ಮೀ. ಹೊರಗೆ ಚಾಚುತ್ತದೆ. ಹಾಗಾಗಿ ಪುಟದ ಅಗಲ 223. ಮೇಲೆ ಕೆಳಗೆ ಎಂಟೂವರೆ ಮಿ.ಮೀ. ಬಿಟ್ಟರೆ ಉಳಿಯುವುದು 280. ಐದು ಟ್ಯಾಬಾದರೆ ಒಂದೊಂದಕ್ಕೆ 56, ಏಳಾದರೆ 40, ಹತ್ತಾದರೆ 28. ಟೆಂಪ್ಲೇಟ್ ಅಚ್ಚುಕಟ್ಟಾಗಿದೆ, ಕತ್ತರಿಸುವ ಗೆರೆ ಬೇರೆ ಲೇಯರ್‌ನಲ್ಲಿದೆ. ಆ ಗೆರೆ ಮುದ್ರಣದ ನಾಲ್ಕು ಬಣ್ಣಗಳಿಗೆ ಸೇರದ ಸ್ಪಾಟ್ ಕಲರ್‌ನಲ್ಲೇ, ಕೆಳಗಿನ ಬಣ್ಣ ಅಳಿಸದಂತೆ ಓವರ್‌ಪ್ರಿಂಟ್ ಹಾಕಿಯೇ ಇರಬೇಕು. ಎರಡನೇ ಆರ್ಡರ್‌ನಲ್ಲಿ ನಾನು ಕಾಪಿ ಮಾಡುವಾಗ ಅದು ಆ ನಾಲ್ಕರಲ್ಲೊಂದಾದ ಮಾಮೂಲಿ ಮೆಜೆಂಟಾ ಆಗಿಬಿಟ್ಟಿತ್ತು. ಟ್ಯಾಬುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಉಳಿದು ಬಂತು. ಅಂದಿನಿಂದ ಪಿಡಿಎಫ್ ಮಾಡಿದ ಮೇಲೆ ಒಂದೊಂದು ಬಣ್ಣವನ್ನೂ ಬೇರೆ ಮಾಡಿ ತೋರಿಸುವ ಸೆಪರೇಷನ್ ಪ್ರಿವ್ಯೂ ತೆಗೆದು, ನಾಲ್ಕೂ ಬಣ್ಣ ಆಫ್ ಮಾಡಿದಾಗ ಕತ್ತರಿ ಗೆರೆ ಒಂದೇ ಉಳಿಯುತ್ತದೆಯಾ ಎಂದು ನೋಡಿಯೇ ಕಳಿಸುತ್ತೇನೆ.

ಮೊದಲ ಆರ್ಡರ್‌ನಲ್ಲಿ ಆದ ತಪ್ಪನ್ನು ಹೇಳಲೇಬೇಕು, ಹೊಸಬರು ಎಲ್ಲರೂ ಇಲ್ಲೇ ಎಡವುತ್ತಾರೆ. ಮುಂಬದಿಯಲ್ಲಿ ಟ್ಯಾಬ್ ಪುಟದ ಬಲಕ್ಕಿರುತ್ತದೆ. ಹಾಳೆ ಮಗುಚಿದರೆ ಹಿಂಬದಿಯಲ್ಲಿ ಅದು ಎಡಕ್ಕೆ ಬರುತ್ತದೆ. ಸರಿ ಎಂದುಕೊಂಡು ನಾನು ಮುಂಬದಿಯ ಪುಟವನ್ನೇ 180 ಡಿಗ್ರಿ ತಿರುಗಿಸಿ, ಟ್ಯಾಬಿನಲ್ಲಿ ಕನ್ನಡ ಹಾಕಿದೆ. ಟ್ಯಾಬ್ ಎಡಕ್ಕೇನೋ ಬಂತು. ಆದರೆ ತಿರುಗಿಸಿದಾಗ ಎಡ-ಬಲದ ಜೊತೆ ಮೇಲು-ಕೆಳಗೂ ಅದಲುಬದಲಾಗುತ್ತದೆ. ಒಂದನೇ ಟ್ಯಾಬಿನ ಹೆಸರು ಏಳನೆಯದರ ಜಾಗಕ್ಕೆ ಹೋಯಿತು, ಎರಡನೆಯದು ಆರಕ್ಕೆ, ಮೂರನೆಯದು ಐದಕ್ಕೆ. ಆ ಹಾಳೆಯಲ್ಲಿ ಆ ಜಾಗವನ್ನು ಮಷೀನು ಕತ್ತರಿಸಿ ಬಿಸಾಡುತ್ತದೆ. ಹಾಗಾಗಿ ಹಿಂಬದಿಯಲ್ಲಿ ಆರು ಟ್ಯಾಬ್ ಖಾಲಿ. ನಾಲ್ಕನೆಯದು ಮಾತ್ರ ನಟ್ಟನಡುವೆ ಇರುವುದರಿಂದ ಎಷ್ಟು ತಿರುಗಿಸಿದರೂ ತನ್ನ ಜಾಗದಲ್ಲೇ ಇತ್ತು. ನಾನು ಕಳಿಸುವ ಮುಂಚೆ ಲೇಸರ್ ಪ್ರಿಂಟ್ ತೆಗೆದು ಪರೀಕ್ಷಿಸಿದ್ದು ಆ ನಾಲ್ಕನೇ ಹಾಳೆಯನ್ನೇ.

ಹಿಂಬದಿಗೆ ಪುಟವನ್ನು ತಿರುಗಿಸಬಾರದು. ಚೌಕಟ್ಟನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಕ್ಕೆ ಮಗುಚಬೇಕು, ಎತ್ತರದ ಜಾಗ ಹಾಗೇ ಇರಬೇಕು, ಅಕ್ಷರವನ್ನು ಹೊಸದಾಗಿ ಕೂರಿಸಬೇಕು. ಈಗ ನಾನು ಒಂದನೇ ಹಾಳೆಯನ್ನೂ ಏಳನೇ ಹಾಳೆಯನ್ನೂ ಎರಡೂ ಬದಿ ಪ್ರಿಂಟ್ ತೆಗೆದು, ಕತ್ತರಿಯಲ್ಲಿ ಟ್ಯಾಬ್ ಕತ್ತರಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ನಡುವಿನದನ್ನು ನೋಡಿ ಪ್ರಯೋಜನವಿಲ್ಲ. ಇನ್ನೊಂದು ಮಾತು, ಪಂಚಿಂಗ್ ತೂತುಗಳೂ ಬದಿ ಬದಲಿಸುತ್ತವೆ. ಎರಡು ತೂತಿನ ಫೈಲ್‌ನಲ್ಲಿ ತೂತುಗಳ ನಡುವೆ 80 ಮಿ.ಮೀ., ಅಂಚಿನಿಂದ ತೂತಿನ ನಡುವಿಗೆ 12 ಮಿ.ಮೀ. ಮುಂಬದಿಯಲ್ಲಿ ಎಡಕ್ಕೆ 20 ಮಿ.ಮೀ. ಖಾಲಿ ಬಿಟ್ಟರೆ ಹಿಂಬದಿಯಲ್ಲಿ ಬಲಕ್ಕೆ ಅಷ್ಟೇ ಬಿಡಬೇಕು. ಸಹಕಾರ ಸಂಘದ ಒಂದು ಕೆಲಸದಲ್ಲಿ ಹಿಂಬದಿಯ ಸಾಲ ನಿಯಮಗಳ ಪಟ್ಟಿಯ ಮೇಲೆ ತೂತು ಬಿದ್ದು ಎರಡು ಸಾಲು ಹಾಳಾದವು.

ಇನ್ನು ಕನ್ನಡದ ವಿಷಯ. ಇಂಗ್ಲಿಷ್ ಟ್ಯಾಬ್‌ಗೆ ಬರೆದಿರುವ ಸಲಹೆಗಳು ಎಲ್ಲ ಕಡೆ ಸಿಗುತ್ತವೆ, ನಮ್ಮ ಲಿಪಿಗೆ ಏನು ಬೇಕೆಂದು ಯಾರೂ ಹೇಳುವುದಿಲ್ಲ. 13 ಮಿ.ಮೀ. ಟ್ಯಾಬಿನಲ್ಲಿ ಎರಡೂ ಕಡೆ 3 ಮಿ.ಮೀ. ಬಿಟ್ಟರೆ ಅಕ್ಷರಕ್ಕೆ ಸಿಗುವುದು 7 ಮಿ.ಮೀ. ಇಂಗ್ಲಿಷಿನಲ್ಲಿ ಬರೀ ಕ್ಯಾಪಿಟಲ್ ಅಕ್ಷರ ಹಾಕಿದರೆ ಎರಡು ಸಾಲು ಹಿಡಿಸಬಹುದು. ಕನ್ನಡದಲ್ಲಿ 9 ಪಾಯಿಂಟ್ ಅಕ್ಷರ ತೆಗೆದುಕೊಂಡರೂ ಮೇಲಿನ ಗುಣಿತ, ಕೆಳಗಿನ ಒತ್ತು ಎರಡೂ ಒಂದಕ್ಕೊಂದು ತಾಗದಿರಲು ಸಾಲಿಗೆ 14 ಪಾಯಿಂಟ್ ಬೇಕು, ಅಂದರೆ ಹತ್ತಿರ ಹತ್ತಿರ 5 ಮಿ.ಮೀ. ಎರಡು ಸಾಲಿಗೆ 10. ಹಿಡಿಸುವುದಿಲ್ಲ. ಒಂದೇ ಸಾಲು ಬರೆಯಿರಿ, 12 ಪಾಯಿಂಟ್‌ನಲ್ಲಿ ಬರೆಯಿರಿ. 40 ಮಿ.ಮೀ. ಉದ್ದದಲ್ಲಿ ‘ಸಂಶೋಧನೆ, ನಾವೀನ್ಯ ಮತ್ತು ವಿಸ್ತರಣೆ’ ಎಂದು ತುರುಕುವ ಬದಲು ‘3 ಸಂಶೋಧನೆ’ ಎಂದಷ್ಟೇ ಹಾಕಿ, ಪೂರ್ತಿ ಹೆಸರನ್ನು ಹಾಳೆಯ ಮೈ ಮೇಲೆ ದೊಡ್ಡದಾಗಿ ಕೊಡಿ. ಮೊದಲು ಪ್ರಾಂಶುಪಾಲರು ಒಪ್ಪಲಿಲ್ಲ. ಎರಡನ್ನೂ ಕತ್ತರಿಸಿ ಮೇಜಿನ ಮೇಲಿಟ್ಟು ಮೂರಡಿ ದೂರ ನಿಂತು ಓದಿ ಸಾರ್ ಎಂದಾಗ ಒಪ್ಪಿದರು.

ಅಕ್ಷರವನ್ನು ಕರ್ವ್ಸ್ ಮಾಡಿಯೇ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ ಬದಲಿಸಿಯೇ ಕಳಿಸುವುದು ನಮ್ಮ ಕಡೆಯ ರೂಢಿ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲ್ ಹಾಗೇ ಕಳಿಸಿದರೆ, ಫಾಂಟ್ ಸೇರದಿದ್ದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಅದಾದರೂ ಕಣ್ಣಿಗೆ ಹೊಡೆಯುತ್ತದೆ, ಯಾರಾದರೂ ಹಿಡಿಯುತ್ತಾರೆ. ಯೂನಿಕೋಡ್‌ನ ತೊಂದರೆ ಸೂಕ್ಷ್ಮ. ಒತ್ತಕ್ಷರ ಕೂಡಿಸಲು ಬಾರದ ಸಾಫ್ಟ್‌ವೇರ್‌ನಲ್ಲಿ ‘ವಿದ್ಯಾರ್ಥಿ’ ಎಂಬುದು ‘ವಿದ್‌ಯಾರ್‌ಥಿ’ ಎಂದು ಬಿಡಿಬಿಡಿಯಾಗುತ್ತದೆ. ಕನ್ನಡ ಬಾರದ ಆಪರೇಟರ್‌ಗೆ ಅದು ತಪ್ಪೆಂದು ಕಾಣುವುದೇ ಇಲ್ಲ. ‘ಮೂಲಸೌಕರ್ಯ’ದಲ್ಲಿ ಅರ್ಕಾವತ್ತು ಉಳಿದಿದೆಯಾ, ‘ಪಠ್ಯಕ್ರಮ’ದಲ್ಲಿ ಕ್ರಾವಡಿ ಸರಿಯಾಗಿ ಕೂತಿದೆಯಾ ಎಂದು ನಾನು ಪಿಡಿಎಫ್ ಅನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಒಂದೊಂದೇ ಓದುತ್ತೇನೆ. ಈಗ ಟ್ಯಾಬ್ ಕೆಲಸವನ್ನೆಲ್ಲ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ. ಅದು ಉಚಿತ, ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡಿಸುತ್ತದೆ, ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಪಿಡಿಎಫ್ ನೇರ ಕೊಡುತ್ತದೆ.

ಕರ್ವ್ಸ್ ಮಾಡಿದ ಮೇಲೆ ಕಾದಿರುವ ಇನ್ನೊಂದು ತೊಡಕು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಏಳು ಹೆಸರುಗಳನ್ನೂ ಒಂದೊಂದಾಗಿ ಆರಿಸಿ, ಟ್ಯಾಬಿನ ನಡುವಿಗೆ ಅಲೈನ್ ಮಾಡುತ್ತಿದ್ದೆ. ಪರದೆಯ ಮೇಲೆ ಎಲ್ಲ ನೆಟ್ಟಗೆ. ಮುದ್ರಣವಾಗಿ ಬಂದ ಮೇಲೆ ಫೈಲ್ ಮುಚ್ಚಿ ಬದಿಯಿಂದ ನೋಡಿದರೆ ಹೆಸರುಗಳು ಒಂದೇ ಗೆರೆಯಲ್ಲಿಲ್ಲ, ಒಂದು ಒಳಗೆ, ಒಂದು ಹೊರಗೆ. ಕಾರಣ ಒತ್ತಕ್ಷರ. ಕರ್ವ್ಸ್ ಆದ ಮೇಲೆ ಸಾಫ್ಟ್‌ವೇರ್‌ಗೆ ಅದು ಅಕ್ಷರವಲ್ಲ, ಒಂದು ಆಕಾರ. ‘ವಿಸ್ತರಣೆ’ಯಲ್ಲಿ ಸಕಾರದ ಕೆಳಗೆ ತ ಒತ್ತು ಇಳಿದಿದೆ, ಹಾಗಾಗಿ ಆಕಾರದ ಎತ್ತರ ಜಾಸ್ತಿ, ನಡುವಿಗೆ ತಂದಾಗ ಮೂಲ ಅಕ್ಷರಗಳು ಮೇಲಕ್ಕೆ ಸರಿಯುತ್ತವೆ. ‘ಆಡಳಿತ’ದಲ್ಲಿ ಒತ್ತೇ ಇಲ್ಲ, ಅದು ಕೆಳಗೆ ನಿಲ್ಲುತ್ತದೆ. ಎರಡರ ನಡುವೆ ಒಂದು ಮಿಲಿಮೀಟರ್ ವ್ಯತ್ಯಾಸ. ಬಿಡಿಯಾಗಿ ನೋಡಿದರೆ ಗೊತ್ತಾಗದು, ಏಳು ಟ್ಯಾಬ್ ಒಂದರ ಕೆಳಗೊಂದು ಕೂತಾಗ ಎದ್ದು ಕಾಣುತ್ತದೆ. ಈಗ ಅಕ್ಷರವನ್ನು ಅಕ್ಷರವಾಗಿರುವಾಗಲೇ ಒಂದು ಗೈಡ್ ಗೆರೆಯ ಮೇಲೆ ಕೂರಿಸಿ, ಆಮೇಲೆ ಕರ್ವ್ಸ್ ಮಾಡುತ್ತೇನೆ. ಮತ್ತೆ ಅಲೈನ್ ಬಟನ್ ಮುಟ್ಟುವುದಿಲ್ಲ. ಅಕ್ಷರದ ತಲೆ ಯಾವಾಗಲೂ ಹೊರ ಅಂಚಿನ ಕಡೆಗೆ, ಒತ್ತು ಹಾಳೆಯ ಕಡೆಗೆ. ಮಷೀನು ಅರ್ಧ ಮಿ.ಮೀ. ಆಚೀಚೆ ಕತ್ತರಿಸಿದರೂ ಒತ್ತಿಗೆ ಏಟು ಬೀಳುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಆರ್‌ಜಿಬಿ ಬಣ್ಣದಲ್ಲಿ ಚೆಂದ ಕಂಡ ನೀಲಿ ಮುದ್ರಣದಲ್ಲಿ ನೇರಳೆಯಾಗಿ ಬರುತ್ತದೆ. ಸಯಾನ್‌ಗಿಂತ ಮೆಜೆಂಟಾ 30 ಶೇಕಡಾ ಆದರೂ ಕಡಿಮೆ ಇರಲಿ. ಕಪ್ಪು ಅಕ್ಷರಕ್ಕೆ ಕಪ್ಪು ಮಸಿ ಒಂದೇ ಸಾಕು, ನಾಲ್ಕೂ ಬಣ್ಣ ಬೆರೆಸಿದರೆ ಒತ್ತಿನ ಸುತ್ತ ಬಣ್ಣದ ನೆರಳು ಕಾಣುತ್ತದೆ. ಹಳದಿ ಟ್ಯಾಬಿನ ಮೇಲೆ ಬಿಳಿ ಅಕ್ಷರ ಬೇಡವೇ ಬೇಡ. ಟ್ಯಾಬಿನ ಬಣ್ಣವನ್ನು ಮೂರು ಹೊರಬದಿಗೂ 3 ಮಿ.ಮೀ. ಹರಿಯಬಿಡಿ, ಒಳಗಡೆ ಬುಡದ ಗೆರೆಗೇ ನಿಲ್ಲಿಸದೆ ಹಾಳೆಯ ಮೈಗೂ 5 ಮಿ.ಮೀ. ಇಳಿಸಿ. ಬುಡಕ್ಕೆ ಸರಿಯಾಗಿ ನಿಲ್ಲಿಸಿದ ಕೆಲಸದಲ್ಲೆಲ್ಲ ಕೆಲವು ಹಾಳೆಗೆ ಬಿಳಿ ಗೆರೆ ಬಂದಿದೆ.

ಈಗ ಮುದ್ರಣಾಲಯದ ಕಡೆಯ ಮಾತು. ಹದಿನಾಲ್ಕು ಬಿಡಿ ಫೈಲ್ ಬೇಡ, ಒಂದನೇ ಟ್ಯಾಬ್ ಮುಂದೆ, ಒಂದನೇ ಟ್ಯಾಬ್ ಹಿಂದೆ ಎಂಬ ಕ್ರಮದಲ್ಲಿ 14 ಪುಟದ ಒಂದೇ ಪಿಡಿಎಫ್ ಕೇಳುತ್ತಾರೆ. ಹಿಂಬದಿ ಖಾಲಿಯಿದ್ದರೂ ಖಾಲಿ ಪುಟ ಇಡಲೇಬೇಕು, ಇಲ್ಲದಿದ್ದರೆ ಮುಂದಿನ ಟ್ಯಾಬ್ ಹಿಂದಿನದರ ಬೆನ್ನಿಗೆ ಹೋಗುತ್ತದೆ. ಪ್ರೂಫ್ ಮರುದಿನವೇ ಬರುತ್ತದೆ. ಅಲ್ಲಿ ಫೈಲ್ ನೋಡುವ ಹುಡುಗ ಕನ್ನಡ ಓದಬಲ್ಲ, ಅದು ನನ್ನ ಪಾಲಿಗೆ ದೊಡ್ಡ ಬಲ. ಒಮ್ಮೆ ರಾತ್ರಿ ಎಂಟಕ್ಕೆ ಫೋನ್ ಮಾಡಿ, ‘ಸಾರ್, ಐದನೇದ್ರಲ್ಲಿ ಬೆಂಬಲ ಅನ್ನೋದು ಬೆಂಬಲು ಆಗಿದೆ, ಹೀಗೇ ಹೊಡೀಲಾ?’ ಎಂದು ಕೇಳಿದ. ಡಿಜಿಟಲ್ ಮುದ್ರಣವಾದ್ದರಿಂದ ಪ್ಲೇಟು ಹಾಕುವ ಕೆಲಸವಿಲ್ಲ, ಐದು ನಿಮಿಷದಲ್ಲಿ ಬದಲಿಸಿ ಕಳಿಸಿದೆ. ಅಂಥವರಿರುವ ಜಾಗಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನನಗೆ ಬೇಸರವಿಲ್ಲ.

ಕೊರತೆಯೂ ಇದೆ. ಒಂದು ಸಲ 40 ಸೆಟ್‌ನಲ್ಲಿ ಆರು ಸೆಟ್‌ಗಳ ಕ್ರಮ ತಪ್ಪಿತ್ತು, ಎರಡು ಕಡೆ ಆರನೇ ಟ್ಯಾಬ್ ಎರಡೆರಡು ಬಂದು ಐದನೆಯದು ಇರಲೇ ಇಲ್ಲ. ಮತ್ತೆ ಹೊಡೆದು ಬಸ್ ಪಾರ್ಸೆಲ್‌ನಲ್ಲಿ ಕಳಿಸಿದರು, ಆದರೆ ಕಾಲೇಜಿಗೆ ನ್ಯಾಕ್ ತಂಡ ಬರಲು ಮೂರೇ ದಿನ ಉಳಿದಿತ್ತು. ಆ ಮೂರು ದಿನ ನಾನು ಸರಿಯಾಗಿ ಊಟ ಮಾಡಿಲ್ಲ. ಇನ್ನೊಂದು ಸಲ ಬೇಸಿಗೆಯಲ್ಲಿ ಬಂದ ಒಂದು ಲಾಟ್‌ನಲ್ಲಿ ಟ್ಯಾಬಿನ ಮೇಲೆ ಅಂಟಿಸುವ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೂಲೆಯಲ್ಲಿ ಎದ್ದಿತ್ತು. ಮೂಲೆ ಚೂಪಾಗಿದ್ದ ಟ್ಯಾಬುಗಳಲ್ಲೇ ಅದು ಹೆಚ್ಚು. ಅಂದಿನಿಂದ ಗುಂಡು ಮೂಲೆಯನ್ನೇ ಕೇಳುತ್ತೇನೆ.

ಆದರೂ ಮೈಲಾರ್ ಬೇಡವೆನ್ನಬೇಡಿ. ನರ್ಸಿಂಗ್ ಹೋಮ್‌ನವರು ದುಡ್ಡು ಉಳಿಸಲು ಒಂದು ಸಲ ಬರೀ 250 ಜಿಎಸ್‌ಎಂ ಕಾರ್ಡ್‌ನಲ್ಲಿ ಮಾಡಿಸಿದರು. ದಿನಕ್ಕೆ ಇಪ್ಪತ್ತು ಸಲ ಬೆರಳು ಹಾಕಿ ತೆರೆಯುವ ಫೈಲ್ ಅದು. ಆರು ತಿಂಗಳಲ್ಲಿ ಟ್ಯಾಬುಗಳು ಮಡಚಿ, ಬೆವರಿನ ಕೈಗೆ ಬಣ್ಣ ಮಾಸಿ, ಮೊದಲ ಎರಡು ಹರಿದೇ ಹೋದವು. ಮೊದಲು ಹೇಳಿದ ಕಾಲೇಜಿನ 2022ರ ಮೈಲಾರ್ ಹಾಕಿದ ಸೆಟ್ ಮೊನ್ನೆ ನೋಡಿದೆ. ಹಾಳೆಯ ಅಂಚು ಹಳದಿಯಾಗಿದೆ, ಟ್ಯಾಬ್ ಮಾತ್ರ ಹೊಸದರಂತೆ ನಿಂತಿದೆ.

ಹತ್ತು ಹದಿನೈದು ಸೆಟ್‌ನಷ್ಟು ಚಿಕ್ಕ ಕೆಲಸವನ್ನು ಬೆಂಗಳೂರಿಗೆ ಕಳಿಸುವುದಿಲ್ಲ. ಕತ್ತರಿಸಿದ ಖಾಲಿ ಟ್ಯಾಬ್ ಹಾಳೆ ತಂದು ನಮ್ಮ ಝೆರಾಕ್ಸ್ ಮಷೀನಿನಲ್ಲೇ ಹೊಡೆಯುತ್ತೇನೆ. ಪೇಪರ್ ಟೈಪ್‌ನಲ್ಲಿ ಟ್ಯಾಬ್ ಆರಿಸಿ ಚಿತ್ರವನ್ನು 13 ಮಿ.ಮೀ. ಸರಿಸಬೇಕು. ನಮ್ಮ ಮಷೀನಿಗೆ ಹಾಳೆಗಳನ್ನು ಹಿಂದುಮುಂದಾಗಿ, ಏಳರಿಂದ ಒಂದಕ್ಕೆ ಜೋಡಿಸಿಡಬೇಕು. ನಡುವೆ ಒಂದು ಹಾಳೆ ಸಿಕ್ಕಿಕೊಂಡರೆ ಆಮೇಲಿನದೆಲ್ಲ ಒಂದು ಮನೆ ಆಚೆಗೆ ಬೀಳುತ್ತದೆ. ಪೂರ್ತಿ ನಿಲ್ಲಿಸಿ, ಟ್ರೇ ಖಾಲಿ ಮಾಡಿ, ಹೊಸ ಸೆಟ್‌ನಿಂದ ಶುರು ಮಾಡುವುದೊಂದೇ ದಾರಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಸೆಟ್ ಜೋಡಣೆಗೆ, ಜೊತೆಗೆ ಅಗಲ ಟ್ಯಾಬಿನ ಟೆಂಪ್ಲೇಟ್ ಇಟ್ಟಿಲ್ಲದ್ದಕ್ಕೆ. ನಮ್ಮಲ್ಲಿ ಪ್ರಮಾಣಪತ್ರಗಳನ್ನು ಯಾರೂ ತೂತು ಹೊಡೆದು ಹಾಕುವುದಿಲ್ಲ, ಪ್ಲಾಸ್ಟಿಕ್ ಕವರ್‌ಗೆ ಸೇರಿಸಿ ಹಾಕುತ್ತಾರೆ. ಆ ಕವರ್‌ಗಳೇ ಸುಮಾರು 230 ಮಿ.ಮೀ. ಅಗಲ, 223ರ ಟ್ಯಾಬ್ ಅದರ ಹಿಂದೆ ಪೂರ್ತಿ ಮುಚ್ಚಿಹೋಗುತ್ತದೆ. ಎರಡು ಕಾಲೇಜಿನವರು ಇದೇ ದೂರು ಹೇಳಿದ ಮೇಲೆ ನಾನೇ ಮೈಯನ್ನು 230ಕ್ಕೆ ಅಗಲಿಸಿ, ಟ್ಯಾಬ್ ಸೇರಿ 243ರ ಟೆಂಪ್ಲೇಟ್ ಮಾಡಿ ಕಳಿಸಿದೆ. ಕಳೆದ ತಿಂಗಳು ಅದರಲ್ಲಿ ಮೊದಲ 25 ಸೆಟ್ ಬಂತು. ಕವರ್ ತುಂಬಿದ ಬಾಕ್ಸ್ ಫೈಲಿಗೆ ಹಾಕಿ ನೋಡಿದೆವು, ಏಳು ಹೆಸರೂ ಹೊರಗೆ ಕಾಣುತ್ತಿವೆ.