ಬಿರುಕು ಕೂಡಿಸುವ ಪಾಲಿಮರ್: ಸೂಕ್ಷ್ಮಗುಳಿಗೆಯೋ, ವಿಟ್ರಿಮರೋ?

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ತಾನೇ ದುರಸ್ತಿಯಾಗುವ ಪಾಲಿಮರ್‌ಗಳ ಸಂಶೋಧನೆಗೆ ಇಳಿಯಬಯಸುವವರು ಈ ಎರಡು ದಾರಿಗಳನ್ನು ತೂಗಿ ನೋಡಬೇಕು.

ಮೊದಲನೆಯದು 2001ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಂಡ ತೋರಿಸಿಕೊಟ್ಟ ವಿಧಾನ. ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದೊಳಗೆ ಹುದುಗಿಸಿದ, ಯೂರಿಯಾ-ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್ಕಿನ ಸೂಕ್ಷ್ಮ ಗುಳಿಗೆಗಳು ಬಿರುಕು ತಾಗಿದೊಡನೆ ಒಡೆಯುತ್ತವೆ. ಒಳಗಿನ ಡೈಸೈಕ್ಲೊಪೆಂಟಾಡೈಯೀನ್ ದ್ರವವು ಸೀಳಿನೊಳಗೆ ಹರಿದು, ಅಲ್ಲಿ ಚದುರಿರುವ ಗ್ರಬ್ಸ್ ವೇಗವರ್ಧಕವನ್ನು (ಕ್ರಿಯೆಯನ್ನು ಚುರುಕುಗೊಳಿಸುವ ರುಥೇನಿಯಂ ಸಂಯುಕ್ತ) ಮುಟ್ಟಿ ಗಟ್ಟಿಯಾಗುತ್ತದೆ. ಹೊರಗಿನ ಶಾಖ ಬೇಕಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ಒಡೆದ ಗುಳಿಗೆ ಮತ್ತೆ ತುಂಬುವುದಿಲ್ಲ, ಈ ರುಥೇನಿಯಂ ವೇಗವರ್ಧಕ ದುಬಾರಿ, ಮರುಬಳಕೆಗಂತೂ ಇದರಲ್ಲಿ ದಾರಿಯೇ ಇಲ್ಲ.

ಎರಡನೆಯದು, 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಅವರ ತಂಡ ರೂಪಿಸಿದ ವಿಟ್ರಿಮರ್ ಎಂಬ ಪಾಲಿಮರ್. ಬಿಸಿ ಮಾಡಿದಾಗ ಈ ಎಪಾಕ್ಸಿ ಜಾಲದ ಅಣುಸರಪಳಿಗಳನ್ನು ಹೆಣೆದಿರುವ ಎಸ್ಟರ್ ಬಂಧಗಳು ಪರಸ್ಪರ ಜಾಗ ಬದಲಿಸಿಕೊಳ್ಳುತ್ತವೆ, ಆದರೂ ಬಂಧಗಳ ಒಟ್ಟು ಸಂಖ್ಯೆ ಕುಗ್ಗುವುದಿಲ್ಲ. ಹೀಗಾಗಿ ಪುಡಿ ಮಾಡಿದ ತುಂಡುಗಳನ್ನು ಅಚ್ಚಿಗೆ ಹಾಕಿ ಬಿಸಿಯಲ್ಲಿ ಒತ್ತಿದರೆ ಅವು ಮತ್ತೆ ಒಂದೇ ಹಲಗೆಯಾಗುತ್ತವೆ. ಸತುವಿನ ಲವಣವೇ ವೇಗವರ್ಧಕವಾಗಿ ಸಾಕಾಗುತ್ತದೆ. ಕೊರತೆಯೆಂದರೆ, ದುರಸ್ತಿಗೆ ಶಾಖ ಬೇಕೇ ಬೇಕು. ಬಿಸಿಯಲ್ಲಿ ಸದಾ ಭಾರ ಹೊರುವ ಭಾಗ ನಿಧಾನವಾಗಿ ಆಕಾರಗೆಡಬಹುದು.

ಬಿಸಿ ಮಾಡಲಾಗದ ಲೋಹದ ರಚನೆಗಳ ಲೇಪನವೇ ನಿಮ್ಮ ಗುರಿಯಾದರೆ ಗುಳಿಗೆಯನ್ನೇ ಆರಿಸಿ. ಉಳಿದಂತೆ ನನ್ನ ಒಲವು ಸ್ಪಷ್ಟವಾಗಿ ವಿಟ್ರಿಮರ್ ಕಡೆಗಿದೆ: ಸಾಮಾನ್ಯ ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ, ಆದ್ದರಿಂದ ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಫೈಬರ್‌ಗ್ಲಾಸ್ ಅಚ್ಚು ಹಾಕುವವರು ಅಂಚು ಕತ್ತರಿಸಿದ ಚೂರುಗಳನ್ನು ಎಸೆಯದೆ ಮತ್ತೆ ಬಳಸುವಂತಾಗಬೇಕಾದರೆ ರಾಳವೇ ಬದಲಾಗಬೇಕು.